ಗೊಬ್ಬರದಜ್ಜನ ಮೂಗು

ಆ ತೋಟದಲ್ಲಿ ಒಂದು ಕಟ್ಟಳೆ ಇತ್ತು. ಗೊಬ್ಬರ ಎಷ್ಟೇ ಕಪ್ಪಗಿರಲಿ, ಎಷ್ಟೇ ಹುಡಿಹುಡಿಯಾಗಿರಲಿ, ಅಜ್ಜ ಮೂಸಿ ‘ಹೂಂ’ ಅನ್ನದೆ ಒಂದು ಬೊಗಸೆಯೂ ಮಡಿಗೆ ಬೀಳುವಂತಿಲ್ಲ. ರಾಶಿಯ ಹೊಟ್ಟೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುವನು, ಹಿಂಡುವನು, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚುವನು. ‘ಇನ್ನೂ ಹಸಿ’ ಅಂದರೆ ಹಸಿ. ಮಗನಿಗೆ ಎಷ್ಟೇ ಅವಸರವಿದ್ದರೂ ಸಲಿಕೆ ಕೆಳಗಿಟ್ಟು ಹೋಗಬೇಕು. ಹಸಿ ಗೊಬ್ಬರ ಬೇರು ಸುಡುತ್ತದೆ, ಒಂದು ಹಂಗಾಮಿನ ಬೆಳೆಯೇ ಹೋಗುತ್ತದೆ. ಅಜ್ಜನ ಮೂಗು ಒಂದು ಸಲವೂ ತಪ್ಪಿದ್ದಿಲ್ಲ. ತರಕಾರಿ ಒಯ್ಯಲು ಬರುವವರೆಲ್ಲ ಅವನಿಗೆ ಗೊಬ್ಬರದಜ್ಜ ಅಂತಲೇ ಹೆಸರಿಟ್ಟಿದ್ದರು.

ನಗರದ ಬಸ್ಸು ಕೊನೆಗೆ ತಿರುಗಿಕೊಳ್ಳುವ ಜಾಗದಿಂದ ತೋಟ ಕೂಗಳತೆಯ ದೂರ. ಹಂಗಾಮು ಶುರುವಾಗುವ ಮೊದಲೇ ನಗರದ ಮನೆಗಳವರು ತಮ್ಮ ಪಾಲು ಕಟ್ಟುವರು. ಆಮೇಲೆ ಶನಿವಾರ ಶನಿವಾರ ಬಂದು ಒಂದೊಂದು ಬುಟ್ಟಿ ಒಯ್ಯುವರು. ಬೆಳೆ ಬಂದರೆ ಬುಟ್ಟಿ ತುಂಬಿ ತುಳುಕೀತು, ಕೈಕೊಟ್ಟರೆ ತಳ ಕಂಡೀತು. ಲಾಭವೂ ಪಾಲು, ನಷ್ಟವೂ ಪಾಲು. ಆ ಬುಟ್ಟಿಗಳನ್ನು ತುಂಬುವುದು ಅಜ್ಜನ ಹೆಂಡತಿಯ ಕೆಲಸ. ಯಾವ ಮನೆಯ ಕೂಸು ಮೂಲಂಗಿ ಕಂಡರೆ ಮೂತಿ ತಿರುಗಿಸುತ್ತದೆ, ಯಾವ ಮುದುಕರಿಗೆ ಹಲ್ಲಿಲ್ಲ ಅಂತ ಎಲ್ಲ ಅವಳಿಗೆ ಬಾಯಿಪಾಠ. ಹಾಗಾಗಿ ಅವಳು ಬುಟ್ಟಿಯಮ್ಮ.

ಈಗ ಹೇಳಬೇಕಾದ ವಿಷಯ ಹೇಳಿಬಿಡುತ್ತೇನೆ, ಸುತ್ತಿಬಳಸುವುದೇಕೆ. ಅಜ್ಜನ ಮೂಗು ಸತ್ತುಹೋಗಿತ್ತು.

ಚಳಿಗಾಲದಲ್ಲಿ ಅವನಿಗೆ ಕೆಟ್ಟ ಜ್ವರ ಬಂದು ಹೋಗಿತ್ತು. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಬುಟ್ಟಿಯಮ್ಮ ಒಲೆಯ ಮೇಲೆ ಹಾಲಿಟ್ಟು ಸೊಪ್ಪು ಕಟ್ಟಲು ಹೋದಳು. ಮರಳಿ ಬಂದರೆ ಹಾಲು ಸೀದು ಮನೆಯಿಡೀ ಕಮಟು. ಅಜ್ಜ ಒಲೆಯಿಂದ ಎರಡು ಮಾರು ದೂರದಲ್ಲಿ ಕೂತು ಕುಡುಗೋಲಿನ ಹಿಡಿಗೆ ಹಗ್ಗ ಸುತ್ತುತ್ತಿದ್ದ. ‘ಅಯ್ಯೋ, ಒಂದು ಕೂಗು ಹಾಕಬಾರದಿತ್ತೇ?’ ಅನ್ನಲು ಬಾಯಿ ತೆರೆದವಳು ಅವನ ಮುಖ ನೋಡಿ ಸುಮ್ಮನಾದಳು. ಪರೀಕ್ಷೆಗೆಂದೇ ಆ ಹಾಲನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಹಾಲಿಗೆ ತುಸು ಹೊಗೆವಾಸನೆ ಹತ್ತಿದರೂ ಲೋಟ ತಳ್ಳುತ್ತಿದ್ದ ಮನುಷ್ಯ ಅಂದು ಗಟಗಟ ಕುಡಿದು ‘ಚೆನ್ನಾಗಿದೆ’ ಅಂದ.

ಮೊಣಕಾಲು ಹೋದ ಮೇಲೆ ಅಜ್ಜ ಸಲಿಕೆಯನ್ನು ಮಗನಿಗೆ ಕೊಟ್ಟಿದ್ದ. ಕಣ್ಣು ಮಂಜಾದ ಮೇಲೆ ಬೀಜ ಆರಿಸುವುದನ್ನು ಸೊಸೆಗೆ ಬಿಟ್ಟಿದ್ದ. ಉಳಿದದ್ದು ಆ ‘ಹೂಂ’ ಒಂದೇ. ಅದೂ ಹೋದರೆ ಅವನು ಆ ಮನೆಯಲ್ಲಿ ಉಂಡು ಮಲಗುವ ಮುದುಕ ಅಷ್ಟೇ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಬುಟ್ಟಿಯಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಆಮೇಲೆ ಅವಳು ಇನ್ನೊಂದನ್ನೂ ಗಮನಿಸಿದಳು: ಅಜ್ಜ ಈಗ ಗೊಬ್ಬರವನ್ನು ಮೂಗಿಗೆ ತರುವ ಮೊದಲು ರಾಶಿಯೊಳಗೆ ಮೊಣಕೈವರೆಗೆ ತೋಳಿಳಿಸಿ ಬಿಸಿ ನೋಡುತ್ತಿದ್ದ, ಹಿಂಡಿ ಹಿಂಡಿ ನೋಡುತ್ತಿದ್ದ. ಮೂಗಿನ ಕೆಲಸವನ್ನು ಕೈಗೆ ಹಚ್ಚಿದ್ದ. ಅವರ ಸ್ವಂತ ದನಗಳ ಗೊಬ್ಬರಕ್ಕೆ ಅದು ನಡೆದೂ ನಡೆಯಿತು.

ತೊಂದರೆ ಶುರುವಾದದ್ದು ಸೊಸೆಯ ಉಮೇದಿನಿಂದ. ಸೊಸೆ ಮೊದಲು ಆಸ್ಪತ್ರೆಯಲ್ಲಿ ನರ್ಸು. ಆ ಕೆಲಸ ಬಿಟ್ಟು ತೋಟಕ್ಕೆ ಇಳಿದವಳು. ಕೈಹಚ್ಚಿದ ಕೆಲಸ ಹಣ್ಣಾಗುವವರೆಗೆ ಬಿಡುವವಳಲ್ಲ.

‘ಇನ್ನೂ ಎಷ್ಟೋ ಮನೆಗಳವರು ಪಾಲು ಬೇಕು ಅಂತ ಕಾಯ್ತಾ ಇದ್ದಾರೆ ಮಾವ,’ ಅಂದಳು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ. ‘ಪಕ್ಕದ ಬೀಳು ಜಾಗ ಗೇಣಿಗೆ ಸಿಗುತ್ತೆ. ಅಲ್ಲಿ ಟೊಮೇಟೊ, ಹುರುಳಿಕಾಯಿ ಹಾಕಿದ್ರೆ ಇನ್ನೊಂದಷ್ಟು ಬುಟ್ಟಿ ತುಂಬುತ್ತೆ.’

‘ಗೊಬ್ಬರ ಎಲ್ಲಿಂದ ತರ್ತೀಯಮ್ಮ?’ ಅಜ್ಜ ರೊಟ್ಟಿ ಮುರಿಯುತ್ತ ಕೇಳಿದ. ‘ನಮ್ಮ ದನ ಹಾಕೋದು ನಮ್ಮ ಮಡಿಗೇ ಸರಿಹೋಗುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.’

‘ರಸ್ತೆಯಾಚೆ ಕುದುರೆ ಲಾಯ ಇದೆಯಲ್ಲ. ಅವರ ಹಿತ್ತಲಲ್ಲಿ ವರ್ಷಗಟ್ಟಲೆ ಕೊಳೆತ ಗೊಬ್ಬರದ ರಾಶಿ ಬಿದ್ದಿದೆ. ಎತ್ತಿಕೊಂಡು ಹೋದ್ರೆ ಸಾಕು ಅಂತಾರೆ.’

‘ಹೊರಗಿನ ಗೊಬ್ಬರ ಇದುವರೆಗೆ ತಂದಿಲ್ಲ ನಾವು.’

ಮಗ ನಡುವೆ ಬಾಯಿ ಹಾಕಿದ. ‘ತಂದ್ರೆ ಏನಾಗುತ್ತಪ್ಪ? ನೀವಿದ್ದೀರಲ್ಲ ನೋಡೋಕೆ. ನೀವು ಹೂಂ ಅಂದ್ರೆ ಹಾಕೋಣ, ಇಲ್ಲಾಂದ್ರೆ ವಾಪಸ್ಸು.’

ಅಜ್ಜ ರೊಟ್ಟಿಯ ಚೂರನ್ನು ಹಾಗೇ ಹಿಡಿದು ಕೂತ. ಬುಟ್ಟಿಯಮ್ಮ ಗಂಡನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ. ‘ಸರಿ ತನ್ನಿ, ನೋಡೋಣ’ ಅಂದ. ಸೊಸೆಗೆ ಅಷ್ಟೇ ಸಾಕು, ಎದ್ದು ಮಾವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದಳು.

ಗೊಬ್ಬರ ಟ್ರಾಕ್ಟರಿನಲ್ಲಿ ಬಂತು. ಅಜ್ಜ ಅಂದು ರಾಶಿಯ ಮುಂದೆ ಕೂತ ಹೊತ್ತು ಬುಟ್ಟಿಯಮ್ಮನಿಗೆ ಯುಗವಾಗಿ ಕಂಡಿತು. ತೋಳನ್ನು ಒಂದು ಕಡೆ ಇಳಿಸಿದ, ಇನ್ನೊಂದು ಕಡೆ ಇಳಿಸಿದ. ಹಿಂಡಿದ, ಉಜ್ಜಿದ, ಬೆಳಕಿಗೆ ಹಿಡಿದ. ಕೊನೆಗೆ ಮೂಗಿಗೆ ತಂದು ಕಣ್ಣು ಮುಚ್ಚಿದ. ಮಗ, ಸೊಸೆ ಇಬ್ಬರೂ ಸಲಿಕೆ ಹಿಡಿದು ಕಾಯುತ್ತಿದ್ದರು.

‘ಹೂಂ’ ಅಂದ.

ಸೊಸೆ ಚಪ್ಪಾಳೆ ತಟ್ಟಿದಳು. ಬುಟ್ಟಿಯಮ್ಮ ‘ಒಂದು ಚೂರು ತಾಳಿ’ ಅನ್ನಬಹುದಿತ್ತು. ತಾನೇ ಒಂದು ಹಿಡಿ ಎತ್ತಿ ಮೂಸಬಹುದಿತ್ತು. ಅನ್ನಲಿಲ್ಲ, ಮೂಸಲೂ ಇಲ್ಲ. ಗಂಡನ ‘ಹೂಂ’ ಮೇಲೆ ಹೆಂಡತಿ ಮೂಗು ಹಾಕಿದರೆ ನೋಡಿದವರು ಏನಂದುಕೊಂಡಾರು? ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಹೊಸ ಮನೆಗಳವರು ಬಂದು ಪಾಲು ಕಟ್ಟಿದರು. ಭಾನುವಾರ ಮಕ್ಕಳನ್ನು ಕರೆತಂದು ಸಸಿ ನೆಟ್ಟರು. ಹಳೆಯ ಪಾಲಿನವಳಾದ ಟೀಚರಮ್ಮ ಬೂಟು ಕಳಚಿ ಮಣ್ಣಿಗೆ ಇಳಿದು, ‘ನನ್ನ ಸೊಂಟ ನಾಳೆ ಶಾಲೆಗೆ ರಜೆ ಕೇಳುತ್ತೆ’ ಅಂತ ಎಲ್ಲರನ್ನೂ ನಗಿಸಿದಳು. ಅಜ್ಜ ಮೋಟು ಗೋಡೆಯ ಮೇಲೆ ಕೂತು ಇಷ್ಟಗಲ ಮುಖ ಮಾಡಿಕೊಂಡು ನೋಡಿದ. ಆಮೇಲೆ ಟೊಮೇಟೊದ ಸುಳಿ ಮುರುಟಿತು. ಎಲೆಗಳು ಬಟ್ಟಲಿನಂತೆ ಮೇಲಕ್ಕೆ ಮಡಚಿಕೊಂಡವು, ಕಾಂಡ ತಿರುಚಿಕೊಂಡಿತು. ಹುರುಳಿಕಾಯಿಯ ಬಳ್ಳಿ ಮೇಲೇಳುವ ಮೊದಲೇ ಸುತ್ತಿ ಸುತ್ತಿ ನೆಲಕ್ಕೆ ಕೂತಿತು. ಹಳೆಯ ಮಡಿಗಳಲ್ಲಿ ಏನೂ ಇಲ್ಲ. ಹೊಸ ಜಾಗವಿಡೀ ಹೀಗೆ.

ಮಗ ಮಡಿಗಳ ನಡುವೆ ಓಡಾಡಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಕಿತ್ತ ಗಿಡ.

‘ನೋಡು ನಿನ್ನ ಉಮೇದು,’ ಅಂದ ಹೆಂಡತಿಗೆ. ‘ಯಾವುದೋ ಹೊಸ ಬೀಜ ತರಿಸಿದೆ. ಸಸಿ ಬಲಿಯೋಕೆ ಮುಂಚೆ ನೆಡಿಸಿದೆ. ನೀರು ಜಾಸ್ತಿ ಬಿಟ್ಟೆ.’

‘ಬೀಜ ಹಳೇದೇ. ನೀರು ಬಿಟ್ಟಿದ್ದು ನೀನು.’

‘ಮನೆ ಜಾಸ್ತಿ ಮಾಡಿದ್ದು ಯಾರು? ಇದ್ದಷ್ಟರಲ್ಲಿ ಚೆನ್ನಾಗಿದ್ವಿ. ಆಸೆಗೆ ಕೊನೆ ಇರಬೇಕು.’

‘ಅಲ್ಲ, ಗೊಬ್ಬರ ಹಸಿ ಇತ್ತೇನೋ?’ ಸೊಸೆ ಮೆಲ್ಲಗೆ ಕೇಳಿದಳು.

ಮಗ ಕೆಂಡವಾದ. ‘ಅಪ್ಪ ನೋಡಿದ್ದಾರೆ. ಅಪ್ಪ ನೋಡಿದ ಮೇಲೂ ಗೊಬ್ಬರದ ಮಾತೆತ್ತಬೇಡ. ಮಾಡಿದ್ದು ನೀನು, ಗೂಬೆ ಮುದುಕರ ಮೇಲೆ ಕೂರಿಸ್ತೀಯಾ?’

ಒಳಕೋಣೆಯಲ್ಲಿ ಅಜ್ಜ ಕೆಮ್ಮಿದ. ಬುಟ್ಟಿಯಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣೀರಿಗೆ ಒಂದು ನೆಪ ಸಿಕ್ಕಿತು. ಸೊಸೆ ಅತ್ತೆಯ ಕಡೆಗೊಮ್ಮೆ ನೋಡಿದಳು, ನೀವಾದರೂ ಒಂದು ಮಾತು ಹೇಳಿ ಅನ್ನುವ ಹಾಗೆ. ಅತ್ತೆ ಇನ್ನೊಂದು ಈರುಳ್ಳಿ ಕೈಗೆ ತೆಗೆದುಕೊಂಡಳು.

ಟೀಚರಮ್ಮನಿಗೆ ಮಣ್ಣು ಪರೀಕ್ಷೆ ಮಾಡುವ ಒಬ್ಬ ಗೆಳತಿ ಇದ್ದಳು. ಅವಳು ಬಂದು ಗಿಡ ನೋಡಿ, ಗೊಬ್ಬರ ನೋಡಿ, ಹುಬ್ಬು ಗಂಟಿಕ್ಕಿ, ‘ಈಗಲೇ ಏನೂ ಹೇಳಲ್ಲ’ ಅಂದಳು. ಕುಂಡಗಳನ್ನು ತರಿಸಿ, ಅರ್ಧ ಕುಂಡಗಳಿಗೆ ಲಾಯದ ಗೊಬ್ಬರ, ಉಳಿದರ್ಧಕ್ಕೆ ಮನೆಯ ಗೊಬ್ಬರ ಬೆರೆಸಿ, ಎಲ್ಲದರಲ್ಲೂ ಹುರುಳಿಕಾಯಿ ಬೀಜ ಊರಿಸಿ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಡಿಸಿದಳು. ‘ಎಲೆ ಬಿಡಲಿ, ಆಗ ಗೊತ್ತಾಗುತ್ತೆ. ಜೊತೆಗೆ ಒಂದು ಪೊಟ್ಟಣ ನಮ್ಮ ಲ್ಯಾಬಿಗೂ ಒಯ್ತೀನಿ.’

ಬೀಜಕ್ಕೇನು, ಅದು ತನ್ನ ಹೊತ್ತಿಗೆ ತಾನು ಮೊಳೆಯುತ್ತದೆ. ಮನುಷ್ಯರಿಗೆ ಆ ತಾಳ್ಮೆ ಎಲ್ಲಿ? ಶನಿವಾರದ ಬುಟ್ಟಿಗಳು ಸೊರಗಿದವು. ಹಳೆಯ ಮಡಿಯ ಬೆಳೆಯನ್ನೇ ಎಲ್ಲರಿಗೂ ಹಂಚಬೇಕು. ಬುಟ್ಟಿಯಮ್ಮ ಸೊಪ್ಪನ್ನು ಸಡಿಲವಾಗಿ ಹರಡಿ ಬುಟ್ಟಿ ತುಂಬಿದಂತೆ ತೋರಿಸಿದಳು. ತನ್ನ ಆಟ ನೋಡಿ ತನಗೇ ನಾಚಿಕೆಯಾಗಿ ಮತ್ತೆ ಒತ್ತಾಗಿ ಜೋಡಿಸಿದಳು. ಮನೆಯವರಿಗೆ ಊಟಕ್ಕೆ ಉಳಿದದ್ದು ಬಿರಿದ ಮೂಲಂಗಿ, ಹುಳ ತಿಂದ ಕೋಸು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇಲ್ಲಿ ಮಗ ಒಂದು ಹೊತ್ತಿಗೆ ಉಂಡರೆ ಸೊಸೆ ಇನ್ನೊಂದು ಹೊತ್ತಿಗೆ ಉಣ್ಣುತ್ತಿದ್ದಳು, ಜಗಳ ಮುಗಿಯುವುದೆಲ್ಲಿ? ತಟ್ಟೆ ತೊಳೆಯುವಾಗ ಸೊಸೆ ಒಂದು ದಿನ ಅಂದಳು, ‘ಅತ್ತೆ, ಆಸ್ಪತ್ರೆಯವರು ಮತ್ತೆ ಬಾ ಅಂತಿದ್ದಾರೆ. ಹಾಸ್ಟೆಲ್ಲೂ ಕೊಡ್ತಾರಂತೆ.’

‘ಹಾಸ್ಟೆಲ್ ಯಾಕಮ್ಮ? ಬಸ್ಸಿದೆಯಲ್ಲ.’

ಸೊಸೆ ತಟ್ಟೆಯನ್ನು ಮತ್ತೆ ಮತ್ತೆ ಉಜ್ಜಿದಳು. ಬುಟ್ಟಿಯಮ್ಮನಿಗೆ ಎಲ್ಲ ಅರ್ಥವಾಯಿತು.

ಮುಂದಿನ ಭಾನುವಾರ ಪಾಲಿನ ಮನೆಗಳವರನ್ನೆಲ್ಲ ಕರೆದಿದ್ದರು. ಷೆಡ್ಡಿನಲ್ಲಿ ಬೆಂಚು ಸಾಲದೆ ಕೆಲವರು ಬುಟ್ಟಿಗಳನ್ನೇ ಬೋರಲು ಹಾಕಿ ಕೂತಿದ್ದರು. ಅಜ್ಜ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಮಗ ಎದ್ದು ನಿಂತು ಹೊಸ ಜಾಗದ ಬೆಳೆ ಹೋಯಿತು ಅಂದ. ಯಾಕೆ ಹೋಯಿತು ಅಂತ ಪಾಲಿನವರಲ್ಲೊಬ್ಬ, ಬೇಕರಿಯವನು, ಕೇಳಿದ. ಕೇಳಿದ್ದರಲ್ಲಿ ತಪ್ಪಿಲ್ಲ.

‘ನನ್ನ ಹೆಂಡತಿ ಅವಸರ ಮಾಡಿದಳು,’ ಅಂದ ಮಗ. ‘ನಾನೂ ತಡೀಲಿಲ್ಲ. ಇಷ್ಟು ಮನೆ ಹಿಡಿಯೋ ಶಕ್ತಿ ನಮಗಿರಲಿಲ್ಲ.’

ಎಲ್ಲರ ತಲೆಯೂ ಸೊಸೆಯ ಕಡೆಗೆ ತಿರುಗಿತು. ಹೊಸ ಪಾಲಿನವರೊಬ್ಬರು, ‘ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಬೇಕಿತ್ತು?’ ಅಂತ ಗೊಣಗಿದರು. ಸೊಸೆ ಎದ್ದಳು. ‘ಹೌದು, ನನ್ನದೇ ತಪ್ಪು. ಮುಂದಿನ ವಾರದಿಂದ ನಾನು ಇಲ್ಲಿರಲ್ಲ. ತೋಟ ಮಾವನದು, ಹಳೇ ಹಾಗೇ ನಡೆಯುತ್ತೆ. ನೀವು ಬಿಟ್ಟುಹೋಗಬೇಡಿ’ ಅಂದಳು. ದನಿ ನಡುಗಲಿಲ್ಲ, ಆದರೆ ಕತ್ತು ಕೆಂಪಾಗಿತ್ತು.

ಬುಟ್ಟಿಯಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಯಾರದೋ ತಪ್ಪು ಯಾರದೋ ತಲೆಗೆ. ಹೆತ್ತ ಮಗಳಾಗಿದ್ದರೆ ಹೀಗೆ ನಿಲ್ಲಿಸಿ ನೋಡುತ್ತಿದ್ದೆನೇ ಅನ್ನಿಸಿತು.

‘ಅವಳದಲ್ಲ ತಪ್ಪು,’ ಅಂದಳು. ‘ಗೊಬ್ಬರ ಹಸಿ ಇದ್ದಿರಬೇಕು. ಇವರಿಗೆ ಮೂಗಿಲ್ಲ. ಚಳಿಗಾಲದ ಜ್ವರದಲ್ಲಿ ಹೋಯ್ತು. ಹಾಲು ಸೀದರೂ ಗೊತ್ತಾಗಲ್ಲ. ನನಗೆ ಗೊತ್ತಿತ್ತು, ನಾನು ಹೇಳ್ಲಿಲ್ಲ.’

ಮಗ ಅಪ್ಪನ ಕಡೆ ನೋಡಿ, ‘ಅಪ್ಪ, ನಿಜವಾ?’ ಅಂದ.

ಅಜ್ಜ ಕುರ್ಚಿಯ ಕೈ ಹಿಡಿದು ಎದ್ದ. ಏಳಲು ಹೊತ್ತು ಹಿಡಿಯಿತು. ಯಾರಿಗೂ ಆಸರೆ ಕೊಡಲು ತೋಚಲಿಲ್ಲ. ‘ನಿಜ,’ ಅಂದ. ‘ನಾನು ಎಲ್ಲರಿಗೂ ಮೋಸ ಮಾಡಿದೆ. ಹುಡುಗಿಯನ್ನ ಏನೂ ಅನ್ನಬೇಡಿ.’ ಅಷ್ಟು ಹೇಳಿ ಹೊರಗೆ ಹೋದ. ಬುಟ್ಟಿಯಮ್ಮ ಹಿಂದೆ ಓಡಿದಳು. ‘ರೀ’ ಅಂದಳು. ಅವನು ತಿರುಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸೊಸೆ ಹೋಗಲಿಲ್ಲ, ಅದೊಂದು ಆಯಿತು. ಮಗ ಅವಳ ಮುಂದೆ ತಲೆ ತಗ್ಗಿಸಿ ಕೂತು ಅಂಗಲಾಚಿದ. ಇಬ್ಬರೂ ಮತ್ತೆ ಒಟ್ಟಿಗೆ ಉಂಡರು. ಪಾಲಿನವರಲ್ಲಿ ಕೆಲವರು ಬಿಟ್ಟರು, ಹೆಚ್ಚಿನವರು ಉಳಿದರು. ‘ನಷ್ಟವೂ ಪಾಲು ಅಂತ ನೀವೇ ಅಂದಿರಲ್ಲ’ ಅಂದಳು ಟೀಚರಮ್ಮ. ಆದರೆ ಅಜ್ಜ ಗೊಬ್ಬರದ ಗುಂಡಿಯ ಕಡೆ ಕಾಲಿಡಲಿಲ್ಲ. ಶನಿವಾರ ಜನ ಬರುವ ಹೊತ್ತಿಗೆ ಒಳಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವನು. ಕೊಟ್ಟದ್ದನ್ನು ಉಣ್ಣುವನು, ಉಪ್ಪು ಕಮ್ಮಿ, ಖಾರ ಹೆಚ್ಚು, ಒಂದು ತಕರಾರಿಲ್ಲ. ಮಗ ಈಗ ಅವನೊಡನೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ, ಮೂಗಿನ ಜೊತೆ ಕಿವಿಯೂ ಹೋಗಿದೆಯೇನೋ ಅನ್ನುವ ಹಾಗೆ. ಹೆಂಡತಿಯ ಮೇಲೆ ಅಜ್ಜ ಸಿಡುಕಲೂ ಇಲ್ಲ. ಸಿಡುಕಿದ್ದರೆ ಎಷ್ಟೋ ವಾಸಿಯಿತ್ತು.

ಕಿಟಕಿಯ ಕುಂಡಗಳಲ್ಲಿ ಬೀಜ ಮೊಳೆತು ಎಲೆ ಬಿಟ್ಟವು. ಮನೆಯ ಗೊಬ್ಬರದವು ಅಂಗೈಯಗಲ ಹರಡಿದವು. ಲಾಯದ ಗೊಬ್ಬರದವು ಹುಟ್ಟುತ್ತಲೇ ಮಡಚಿ ಮುರುಟಿದವು. ಮಣ್ಣು ಪರೀಕ್ಷೆಯವಳು ಬಂದಾಗ ಬುಟ್ಟಿಯಮ್ಮ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು.

‘ನನಗೆ ಮೊದಲೇ ಅನುಮಾನ ಇತ್ತು, ಲ್ಯಾಬಿನವರೂ ಅದನ್ನೇ ಹೇಳ್ತಿದ್ದಾರೆ,’ ಅಂದಳು ಆಕೆ. ‘ಕುದುರೆಗೆ ಹಾಕಿದ ಹುಲ್ಲಿನ ಹೊಲಕ್ಕೆ ಯಾರೋ ಕಳೆನಾಶಕ ಹೊಡೆದಿದ್ದಾರೆ. ಹುಲ್ಲಿಗೆ ಅದು ಏನೂ ಮಾಡಲ್ಲ, ಕುದುರೆಗೂ ಮಾಡಲ್ಲ. ಹೊಟ್ಟೆಯಿಂದ ಹಾಗೇ ಗೊಬ್ಬರಕ್ಕೆ ಬರುತ್ತೆ. ಟೊಮೇಟೊ, ಹುರುಳಿಕಾಯಿ ಜಾತಿಗೆ ಮಾತ್ರ ವಿಷ. ಆ ಜಾಗಕ್ಕೆ ಒಂದೆರಡು ವರ್ಷ ಬರೀ ಹುಲ್ಲು ಬಿತ್ತಿ ಬಿಡಿ.’

‘ಹಾಗಾದ್ರೆ ಗೊಬ್ಬರ ಹಸಿ ಇರಲಿಲ್ವಾ?’ ಸೊಸೆ ಕೇಳಿದಳು.

‘ಹಸಿನಾ? ಚಿನ್ನದ ಹಾಗೆ ಕಳಿತಿತ್ತು. ನೋಡಿದವರು ಸರಿಯಾಗೇ ನೋಡಿದ್ದಾರೆ.’

‘ಮೂಸಿದ್ರೆ ಗೊತ್ತಾಗ್ತಿತ್ತಾ?’

‘ಅದಕ್ಕೆಲ್ಲಿಯ ವಾಸನೆ? ಎಂಥ ಮೂಗಿಗೂ ಸಿಗಲ್ಲ ಅದು.’

ಸೊಸೆ ಒಂದೇ ಉಸಿರಿಗೆ ಒಳಗೆ ಓಡಿದಳು. ‘ಮಾವ, ನಿಮ್ಮ ತಪ್ಪಲ್ಲ! ಯಾರ ತಪ್ಪೂ ಅಲ್ಲ! ನೀವು ಹೂಂ ಅಂದಿದ್ದು ಸರೀನೇ ಇತ್ತು!’ ಬುಟ್ಟಿಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಷ್ಟು ಜನರ ಮುಂದೆ ಗಂಡನ ಮಾನ ತೆಗೆದದ್ದು ಯಾತಕ್ಕೆ? ಯಾತಕ್ಕೂ ಅಲ್ಲ. ಇಲ್ಲದ ತಪ್ಪಿಗೆ ಇರುವ ಮನುಷ್ಯನನ್ನು ಬಲಿ ಕೊಟ್ಟಂತಾಯಿತು. ಬಾಯಿ ಮುಚ್ಚಿಕೊಂಡು ಇನ್ನೊಂದೆರಡು ವಾರ ಕಾದಿದ್ದರೆ ಸಾಕಿತ್ತು.

ಅಜ್ಜ ಸೊಸೆಯ ತಲೆ ಸವರಿ, ‘ಒಳ್ಳೇದಾಯ್ತಮ್ಮ. ನಿನ್ನ ಮೇಲಿನ ಮಾತು ಹೋಯ್ತಲ್ಲ, ಅದು ಮುಖ್ಯ’ ಅಂದ. ಅವನ ಮುಖ ಮಾತ್ರ ಅರಳಲಿಲ್ಲ. ಮಗ ಬಂದು, ‘ಅಪ್ಪ, ನಾಳೆ ನಮ್ಮ ಗುಂಡಿ ನೋಡ್ತೀರಾ?’ ಅಂದ. ‘ನೀನೇ ನೋಡ್ಕೋ ಮಗ, ನಿನಗೆ ಮೂಗಿದೆ’ ಅಂದ ಅಜ್ಜ. ಅದರಲ್ಲಿ ಕುಹಕವಿರಲಿಲ್ಲ.

ಮಗ, ಸೊಸೆ ಇಬ್ಬರೂ ಹೊರಗೆ ಹೋದ ಮೇಲೆ ಬುಟ್ಟಿಯಮ್ಮ ಬಂದು ಗಂಡನ ಮುಂದೆ ನೆಲದ ಮೇಲೆ ಕೂತಳು.

‘ನನ್ನಿಂದ ತಪ್ಪಾಯ್ತು ರೀ. ಆ ಜನರ ಮುಂದೆ ಹಾಗೆ ಹೇಳಬಾರದಿತ್ತು.’

‘ಹೇಳಿದ್ದು ಸರೀನೇ. ಆ ಹುಡುಗಿ ಹೊರಟು ನಿಂತಿದ್ದಳು. ನೀನು ಹೇಳದೇ ಇದ್ದಿದ್ರೆ ನಾನೇ ಹೇಳಬೇಕಿತ್ತು. ನನಗೆ ಧೈರ್ಯ ಬರಲಿಲ್ಲ.’

‘ಮತ್ತೆ ಯಾಕೆ ನನ್ನ ಜೊತೆ ಮಾತಿಲ್ಲ?’

ಅಜ್ಜ ಕೇಳಿದ, ‘ಚಳಿಗಾಲದಿಂದಲೇ ಗೊತ್ತಿತ್ತಾ ನಿನಗೆ?’

‘ಗೊತ್ತಿತ್ತು. ನಿಮ್ಮ ಮರ್ಯಾದೆ ಉಳೀಲಿ ಅಂತ ಸುಮ್ಮನಿದ್ದೆ.’

‘ಮರ್ಯಾದೆ,’ ಅಂದ ಅಜ್ಜ. ‘ನಾನು ಹೆದರಿದ್ದೆ ಕಣೆ. ಮಣ್ಣಿನ ವಾಸನೆ ಹೋಯ್ತು, ಹೋಗಲಿ ಅಂದೆ. ನಿನ್ನ ತಲೆಗೂದಲ ವಾಸನೆನೂ ಹೋಯ್ತು. ಪಕ್ಕದಲ್ಲಿ ಯಾರೋ ಗುರುತಿಲ್ಲದವರು ಮಲಗಿದ ಹಾಗೆ. ಅದನ್ನ ಯಾರ ಹತ್ರ ಹೇಳ್ಕೊಳ್ಳಲಿ? ನಿನಗೆ ಗೊತ್ತಾದರೆ ಬೇಜಾರು ಮಾಡ್ಕೋತೀಯ ಅಂತ ನಾನು ನುಂಗಿಕೊಂಡೆ. ನಿನಗೆ ಗೊತ್ತಿತ್ತಂತೆ! ಒಂದೇ ಮನೇಲಿ, ಒಂದೇ ಹಾಸಿಗೇಲಿ ಗೊತ್ತಿತ್ತಂತೆ! ಒಂದು ಮಾತು ಕೇಳಬಾರದಿತ್ತಾ? ಇಷ್ಟು ದಿನ ಒಬ್ಬನೇ ಇದ್ದೆನಲ್ಲೇ.’

ಬುಟ್ಟಿಯಮ್ಮ ಗಂಡನ ಮೊಣಕಾಲ ಮೇಲೆ ತಲೆಯಿಟ್ಟು ಅತ್ತಳು. ಅಜ್ಜ ಅವಳ ಕೂದಲ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡ, ಮತ್ತೊಮ್ಮೆ ಎಳೆದುಕೊಂಡ.

‘ಏನಾದ್ರೂ ಸಿಕ್ತಾ?’ ಅಂದಳು ಅವಳು, ತಲೆಯೆತ್ತದೆ.

‘ಇಲ್ಲ,’ ಅಂದ ಅಜ್ಜ.